ಮೇಷ್ಟ್ರು ನೋಡಬೇಕಿದ್ದ ಹಳದಿ

ನಾನು ಆತುರದವಳು. ಹಾಲು ಕಾಯುವವರೆಗೆ ಒಲೆಯ ಮುಂದೆ ನಿಲ್ಲಲಾಗದೆ ಆಚೆ ಹೋಗಿ, ಉಕ್ಕಿದ ಮೇಲೆ ಓಡಿ ಬಂದು ಎಷ್ಟು ಸಲ ಅಡುಗೆ ಕಟ್ಟೆ ತೊಳೆದಿದ್ದೇನೋ ನನಗೇ ಗೊತ್ತಿಲ್ಲ. ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಅಲ್ಲಿಯೂ ಮಕ್ಕಳು ಲೆಕ್ಕ ಬಿಡಿಸುವ ಮೊದಲೇ ಉತ್ತರವನ್ನು ಬೋರ್ಡಿನ ಮೇಲೆ ಬರೆದುಬಿಡುವವಳು ನಾನೇ. ಇಂಥವಳಿಗೆ ಮೀನು ಸಾಕುವ ಹುಚ್ಚು ಹೇಗೆ ಹಿಡಿಯಿತೆಂದು ನನ್ನ ಗಂಡ ಈಗಲೂ ಕೇಳುತ್ತಾರೆ. ಮೀನು ಸಾಕುವುದೆಂದರೆ ಮುಕ್ಕಾಲು ಪಾಲು ಕಾಯುವ ಕೆಲಸ. ಹುಚ್ಚು ಹಿಡಿಸಿದವರು ಚಿಂತಾಮಣಿಯ ನನ್ನ ಡ್ರಾಯಿಂಗ್ ಮೇಷ್ಟ್ರು.

ನಾನು ಹುಟ್ಟಿ ಓದಿದ್ದು ಚಿಂತಾಮಣಿಯಲ್ಲಿ. ಮೇಷ್ಟ್ರ ಮನೆ ನಮ್ಮ ಹಿಂದಿನ ಬೀದಿ. ಅವರ ಪಡಸಾಲೆಯ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು, ತೊಟ್ಟಿಯ ತುಂಬ ಕಲ್ಲುಗಳು, ಕಲ್ಲಿನ ಸಂದಿಯಲ್ಲಿ ಆಫ್ರಿಕಾದ ಸಿಕ್ಲಿಡ್ ಮೀನುಗಳು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಅವರ ಹೆಂಡತಿಯೇ ನಗುತ್ತಿದ್ದರು. ಆದರೆ ಮೇಷ್ಟ್ರ ಎಡವಟ್ಟಿಗೆ ಕಾರಣವಿತ್ತು. ನಮ್ಮ ಕಡೆಯ ಬೋರ್‌ವೆಲ್ ನೀರು ವಿಪರೀತ ಗಡಸು. ಬಕೆಟ್ಟಿಗೆ ಬಿಳಿ ಕಟ್ಟುತ್ತದೆ, ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಏಂಜಲ್ ಮೀನು ತಂದು ಬಿಟ್ಟರೆ ನಾಲ್ಕು ದಿನಕ್ಕೆ ಸೊರಗುತ್ತಿತ್ತು. ಆಫ್ರಿಕಾದ ದೊಡ್ಡ ಸರೋವರಗಳ ನೀರು ಕೂಡ ಹೀಗೇ ಗಡಸಂತೆ. ಅಲ್ಲಿನ ಮೀನಿಗೆ ನಮ್ಮ ನೀರೇ ತವರು. ಈಗಲೂ ನಮ್ಮ ಮನೆಯಲ್ಲಿ ಮನುಷ್ಯರು ಫಿಲ್ಟರ್ ನೀರು ಕುಡಿಯುತ್ತೇವೆ, ಮೀನುಗಳಿಗೆ ಮಾತ್ರ ನೇರ ಬೋರಿನ ನೀರು.

ನನ್ನ ಮದುವೆಗೆ ಎಲ್ಲರೂ ಸ್ಟೀಲ್ ಪಾತ್ರೆ ಕೊಟ್ಟರೆ ಮೇಷ್ಟ್ರು ಮೂರಡಿಯ ಗಾಜಿನ ತೊಟ್ಟಿ ಕೊಟ್ಟರು. ಮೀನು ತಿನ್ನದ ಮನೆಗೆ ಮೀನು ತಂದ ಸೊಸೆ ಎಂದು ಶಿಡ್ಲಘಟ್ಟದ ನೆಂಟರು ತಮಾಷೆ ಮಾಡಿದರು. ತಿಂಗಳಿಗೊಮ್ಮೆ ತವರಿಗೆ ಹೋದಾಗ ಮೇಷ್ಟ್ರ ಪಡಸಾಲೆಯಲ್ಲಿ ಕೂತು ಪಾಠ ಹೇಳಿಸಿಕೊಳ್ಳುತ್ತಿದ್ದೆ. ಮೀನನ್ನು ಗುರುತಿಸುವುದನ್ನು ಅವರು ಕಲಿಸಿದ್ದು ಪೆನ್ಸಿಲ್ಲಿನಿಂದ.

"ಬಣ್ಣ ಕಡೇಲಿ ನೋಡಮ್ಮ. ಬಣ್ಣ ಮೋಸ ಮಾಡುತ್ತೆ. ಮೊದ್ಲು ಬಾಯಿ ನೋಡು. ಕೆಳಕ್ಕೆ ತಿರುಗಿರೋ ಅಗಲವಾದ ಬಾಯಿ ಇದ್ರೆ ಕಲ್ಲಿನ ಪಾಚಿ ಕೆರೆದು ತಿನ್ನೋದು. ನೆಟ್ಟಗೆ ಮುಂದಕ್ಕಿದ್ರೆ ಇನ್ನೊಂದು ಮೀನನ್ನ ತಿನ್ನೋದು. ಬಾಯಿ ಬರಿಯಕ್ಕೆ ಬಂದ್ರೆ ಮೀನು ಯಾವ್ದು ಅಂತ ಅರ್ಧ ಗೊತ್ತಾಯ್ತು ಅಂತಾನೇ."

ಅಂಗಡಿಗಳಲ್ಲಿ ಆಫ್ರಿಕನ್ ಮಿಕ್ಸ್ ಎಂದು ಒಂದೇ ತೊಟ್ಟಿಯಲ್ಲಿ ಕಲಸಿಟ್ಟ ಮೀನುಗಳನ್ನು ಮೇಷ್ಟ್ರು ಬಾಯಿಂದ ಬಾಲದವರೆಗೆ ಗೆರೆ ಎಳೆದು ಬೇರೆ ಬೇರೆ ಮಾಡುತ್ತಿದ್ದರು. ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ಹೂಕುಂಡ, ಮಾವಿನಕಾಯಿ ಬರೆಸಿದ ಮನುಷ್ಯನಿಗೆ ಇದೊಂದು ಸಂತೋಷ.

ಅವರಿಗೆ ಸಿಗದೆ ಉಳಿದ ಮೀನು ಒಂದಿತ್ತು. ಯಾರೋ ವಿದೇಶದಿಂದ ತಂದುಕೊಟ್ಟ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಅವರು ವರ್ಷ ಮುಗಿದರೂ ಗೋಡೆಯಿಂದ ತೆಗೆದಿರಲಿಲ್ಲ. ಅದರಲ್ಲಿ ಟ್ಯಾಂಗನೀಕ ಸರೋವರದ ಡುಬೋಯ್ಸಿ ಎಂಬ ಮೀನು. ನೀಲಿ ತಲೆ, ಕಪ್ಪು ಮೈ, ನಡುವಿಗೆ ಒಡ್ಯಾಣ ಹಾಕಿದಂತೆ ಅಗಲವಾದ ಹಳದಿ ಪಟ್ಟಿ. ಮೇಷ್ಟ್ರು ಅದನ್ನು ಎಷ್ಟು ಸಲ ಬರೆದಿದ್ದರೋ. ಪ್ರತಿಸಲವೂ ಹಳದಿಯ ಹತ್ತಿರ ಬಂದು ಕುಂಚ ತೊಳೆದಿಡುತ್ತಿದ್ದರು.

"ಪ್ರಿಂಟು ಬಿಸಿಲಿಗೆ ಮಾಸಿದೆ. ಇದು ಮೀನಿನ ಹಳದೀನೋ, ಕಾಗದದ ಹಳದೀನೋ ನಂಗೊತ್ತಿಲ್ಲ. ಒಂದ್ಸಲ ಜೀವಂತ ನೋಡ್ಬೇಕು ಕಣಮ್ಮ. ಆಮೇಲೆ ಬರೀತೀನಿ."

ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದದ್ದು ಅವರು ನಿವೃತ್ತರಾಗಿ ಕೆಲವು ವರ್ಷಗಳಾದ ಮೇಲೆ. ಕಣ್ಣಿನೊಳಕ್ಕೇ ಇಂಜೆಕ್ಷನ್ ಕೊಟ್ಟರು. ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ ಎಂದರು ಡಾಕ್ಟರು. ನೋಟದ ನಟ್ಟನಡುವೆ ಮಸಿ ಅಂಟಿದ ಹಾಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ತೊಟ್ಟಿಗಳನ್ನು ಒಂದೊಂದಾಗಿ ಕೊಟ್ಟುಬಿಟ್ಟರು. ಅವರ ಸೊಸೆ ಬೇಡವೆಂದರೂ ಕೇಳಲಿಲ್ಲವಂತೆ. ಖಾಲಿ ಪಡಸಾಲೆಯಲ್ಲಿ ಕ್ಯಾಲೆಂಡರಿನ ಆ ಹಾಳೆ ಮಾತ್ರ ಉಳಿದಿದ್ದನ್ನು ನೋಡಿದ ದಿನ ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟು ಬರುತ್ತದೆ. ಅವರ ಕಣ್ಣು ಆರುವುದರೊಳಗೆ ಆ ಮೀನನ್ನು ತಂದು ತೋರಿಸುತ್ತೇನೆ ಎಂದು ಅಲ್ಲೇ ಹೇಳಿಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನನ್ನ ಜಾಯಮಾನ.

ಹುಡುಕಲು ಶುರುಮಾಡಿದಾಗಲೇ ಗೊತ್ತಾಗಿದ್ದು, ಡುಬೋಯ್ಸಿ ಮರಿಗಳಿಗೆ ಆ ಪಟ್ಟಿಯೇ ಇರುವುದಿಲ್ಲವೆಂದು. ಮರಿ ಕರೀ ಮೀನು, ಮೈತುಂಬ ಬಿಳಿ ಚುಕ್ಕೆ. ಬೆಳೆಯುತ್ತಾ ಚುಕ್ಕೆ ಅಳಿಸಿಹೋಗಿ, ಒಂದು ಒಂದೂವರೆ ವರ್ಷಕ್ಕೆ ಪಟ್ಟಿ ಮೂಡುತ್ತದೆ. ದೊಡ್ಡ ಮೀನು ಮಾರುವವರು ಯಾರೂ ಸಿಗಲಿಲ್ಲ. ಚಿಕ್ಕಬಳ್ಳಾಪುರದ ಅಂಗಡಿಯವನು ಚುಕ್ಕೆ ಮೀನು ಎಂದರೆ ಚುಕ್ಕೆ ಇರುವುದನ್ನೆಲ್ಲ ತೋರಿಸಿದ. ಗೌರಿಬಿದನೂರಿನ ಒಂದು ಮನೆಯಲ್ಲಿದೆಯೆಂದು ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದನ್ನು ನಂಬಿ ಒಂದು ಭಾನುವಾರ ಎರಡು ಬಸ್ಸು ಬದಲಿಸಿ ಹೋದೆ. ಕಪ್ಪು ಮೈ, ಬಿಳಿ ಚುಕ್ಕೆ, ಎಲ್ಲ ಸರಿಯಾಗಿತ್ತು. ಕುಣಿದಾಡುವಷ್ಟು ಖುಷಿಯಾಗಿ ಮೇಷ್ಟ್ರಿಗೆ ಫೋನ್ ಮಾಡಿದೆ.

"ಬಾಯಿ ಎಲ್ಲಿದೆ?" ಎಂದರು.

ಬಗ್ಗಿ ನೋಡಿದೆ. ನೆಟ್ಟಗೆ ಮುಂದಕ್ಕಿತ್ತು.

"ಕಾದಮ್ಮಾ, ಅದಲ್ಲ. ಕಾಫಿ ಕೊಟ್ರೆ ಕುಡಿದು ಬಾ" ಎಂದರು, ಮನೆಯ ತೆಲುಗು ಬೆರೆಸಿ.

ಕಾಫಿ ಕೊಟ್ಟರು, ಕುಡಿದು ಬಂದೆ. ದಾರಿಯುದ್ದಕ್ಕೂ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದೆಂದು ತಿಳಿಯದೆ ಕಂಡಕ್ಟರನ ಜೊತೆ ಜಗಳವಾಡಿದೆ.

ಕೊನೆಗೆ ಸಿಕ್ಕಿದ್ದು ಬೆಂಗಳೂರಿನ ಹೊರಗೆ, ಮಹಡಿಯ ಮೇಲೆ ಟ್ಯಾಂಗನೀಕದ ಮೀನುಗಳನ್ನೇ ಮರಿ ಮಾಡಿಸುತ್ತಿದ್ದ ಒಬ್ಬರು. ಮಿತಭಾಷಿ ಮನುಷ್ಯ. ನನ್ನ ನೀರು ಎಂಥದ್ದು, ತೊಟ್ಟಿ ಎಷ್ಟು ದೊಡ್ಡದು, ಏನು ತಿನ್ನಿಸುತ್ತೀರಿ ಎಂದು ಹೆಣ್ಣು ಕೊಡುವವರಂತೆ ವಿಚಾರಿಸಿಕೊಂಡರು. ಪಟ್ಟಿ ಬಂದ ದೊಡ್ಡ ಮೀನುಗಳನ್ನು ಮಾರುವುದಿಲ್ಲ ಎಂದರು; ಮೇಷ್ಟ್ರನ್ನೇ ಅಲ್ಲಿಗೆ ಕರೆತರೋಣವೆಂದರೆ ಆ ಮಹಡಿಯ ಕಡಿದಾದ ಕಬ್ಬಿಣದ ಏಣಿಯನ್ನು ಅವರ ಕಣ್ಣಿನಲ್ಲಿ ಹತ್ತುವಂತಿರಲಿಲ್ಲ. ಮರಿಗಳನ್ನೂ ಒಂದು ಎರಡು ಕೇಳಿದರೆ ಕೊಡುವುದಿಲ್ಲ ಎಂದರು.

"ಇವು ಗುಂಪಲ್ಲೇ ಬದುಕೋವು ಮೇಡಂ. ಹನ್ನೆರಡಾದ್ರೂ ಇರ್ಬೇಕು. ಪಾಚಿ, ಸೊಪ್ಪಿನ ಪುಡಿ ಬಿಟ್ಟು ಬೇರೇನೂ ಹಾಕ್ಬೇಡಿ. ಇವುಗಳ ಕರುಳು ಉದ್ದ, ಕೊಬ್ಬಿರೋ ಊಟ ಅರಗಲ್ಲ."

ತಲೆಯಾಡಿಸಿದೆ. ಆಮ್ಲಜನಕ ತುಂಬಿದ ಕವರುಗಳಲ್ಲಿ ಹನ್ನೆರಡು ಮರಿಗಳನ್ನು ಥರ್ಮಕೋಲ್ ಪೆಟ್ಟಿಗೆಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಬಂದೆ. ಮಾರನೆಯ ವಾರ ಮೇಷ್ಟ್ರನ್ನು ಚಿಂತಾಮಣಿಯಿಂದ ಕರೆಸಿದೆವು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಗಾಜಿಗೆ ಮೂಗು ತಾಗಿಸಿ, ಮೊದಲು ಬಾಯಿ ನೋಡಿದರು. ಕೆಳಕ್ಕೆ ತಿರುಗಿದ ಅಗಲ ಬಾಯಿ. ಮರಿಗಳು ಅವರ ಮುಖವನ್ನೇ ಊಟವೆಂದುಕೊಂಡು ಗಾಜಿನ ಹತ್ತಿರ ಮುಗಿಬಿದ್ದವು. ನಾನು ಊಟ ಹಾಕಿದಾಗ ಮೇಷ್ಟ್ರ ಕನ್ನಡಕಕ್ಕೆ ನೀರು ಹಾರಿತು, ಒರೆಸಿಕೊಂಡು ಮತ್ತೆ ನೋಡಿದರು. ಹೊರಡುವಾಗ, "ಅದೇನೇ, ಅದೇ ಮೀನು. ಪಟ್ಟಿ ಬರ್ಲಿ, ಬರ್ತೀನಿ" ಎಂದರು. 

ಆಮೇಲೆ ಕಾಯುವ ಕೆಲಸ. ದಿನವೂ ಸ್ಕೂಲಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ತೊಟ್ಟಿ ನೋಡುವುದು. ಮೀನುಗಳು ಬೆಳೆಯುತ್ತಿದ್ದವು, ಆದರೆ ಅವುಗಳ ಪಾಡಿಗೆ ಅವು. ಭಾನುವಾರ ಮೇಷ್ಟ್ರಿಗೆ ಫೋನ್ ಮಾಡಿದರೆ ಅವರ ಕಣ್ಣಿನ ಸುದ್ದಿ ಪ್ರತಿಸಲ ಒಂದು ಮೆಟ್ಟಿಲು ಕೆಳಗಿರುತ್ತಿತ್ತು. ಈ ವಾರ ಪತ್ರಿಕೆ ಓದಲಾಗಲಿಲ್ಲ. ಈ ವಾರ ಗಡಿಯಾರ. ಫೋನಿನಲ್ಲಿ ಚಿತ್ರ ಕಳಿಸಿದರೆ ಏನೂ ಕಾಣುವುದಿಲ್ಲ ಕಣಮ್ಮ. ಒಂದು ಭಾನುವಾರ ಸೊಸೆ ಫೋನ್ ತೆಗೆದುಕೊಂಡು, "ಅಕ್ಕ, ಮಾವನಿಗೆ ನಿನ್ನೆ ನನ್ನ ಗುರ್ತು ಸಿಗಲಿಲ್ಲ, ಮಾತಾಡಿದ್ಮೇಲೆ ಗೊತ್ತಾಯ್ತು" ಎಂದರು. ಮೀನುಗಳಿಗೆ ಆಗ ಎಂಟು ತಿಂಗಳು. ಚುಕ್ಕೆ ಇನ್ನೂ ಹಾಗೇ ಇತ್ತು.

ಶಿಡ್ಲಘಟ್ಟದಲ್ಲಿ ಹುಟ್ಟಿದ ಮಗುವಿಗೂ ಒಂದು ಗೊತ್ತು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆದ ಮೇಲೆ ಒಳಗೆ ಉಳಿಯುವ ಸತ್ತ ಹುಳು, ನಮ್ಮವರು ಪ್ಯೂಪಾ ಎನ್ನುತ್ತಾರೆ, ಅದನ್ನು ತಿಂದ ಕೋಳಿ ತಿಂಗಳಲ್ಲಿ ಮೈತುಂಬಿಕೊಳ್ಳುತ್ತದೆ. ಕೆರೆಯ ಮೀನು ಸಾಕುವವರು ಮೂಟೆಗಟ್ಟಲೆ ಒಯ್ಯುತ್ತಾರೆ. ನಮ್ಮ ಪಕ್ಕದ ಬೀದಿಯಲ್ಲೇ ನೂಲು ತೆಗೆಯುವ ಘಟಕ. ಮೀನು ಬೇಗ ಬೆಳೆದರೆ ಪಟ್ಟಿಯೂ ಬೇಗ ಮೂಡೀತೆಂದು ಒಂದು ಚೀಲ ಕೇಳಿದ್ದಕ್ಕೆ ನಗುತ್ತಾ ಕೊಟ್ಟರು. ಮಹಡಿಯ ಮೇಲೆ ಒಣಗಿಸಿದೆ. ಮಿಕ್ಸಿಯಲ್ಲಿ ಪುಡಿಮಾಡಿದೆ. ಆ ನಾತಕ್ಕೆ ನನ್ನ ಗಂಡ ಆ ಜಾರಿನಲ್ಲಿ ಮಾಡಿದ ಚಟ್ನಿಯನ್ನು ಇಂದಿಗೂ ತಿನ್ನುವುದಿಲ್ಲ.

"ಆ ಬೆಂಗಳೂರಿನವರು ಕೊಬ್ಬು ಹಾಕ್ಬೇಡಿ ಅಂದಿದ್ರಲ್ಲೇ?" ಎಂದರು.

"ಅವ್ರಿಗೆ ನಮ್ಮೂರಿನ ಪ್ಯೂಪಾ ಗೊತ್ತೇನ್ರೀ? ಊರಿಗೆ ಊರೇ ಇದ್ರಲ್ಲಿ ಬೆಳ್ದಿದೆ" ಎಂದೆ.

ಆ ಮೀನಿನ ಬಾಯಿ ನೋಡಿಯೇ ಅದನ್ನು ಗುರುತಿಸಿದವಳು ನಾನು. ಆ ಬಾಯಿ ಏನು ತಿನ್ನಲು ಹುಟ್ಟಿದೆಯೆಂದು ಗೊತ್ತಿದ್ದವಳೂ ನಾನೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಮಕ್ಕಳಿಗೆ ದಿನಕ್ಕೊಮ್ಮೆ ಹೇಳುವವಳೂ ನಾನೇ.

ಮೊದಲ ವಾರ ಮೀನುಗಳು ಪುಡಿಗೆ ಬಿದ್ದು ಬಿದ್ದು ತಿಂದವು. ಹೊಳಪು ಬಂದ ಹಾಗೆ ಕಂಡಿತು. ಎರಡನೆಯ ವಾರ ಒಂದು ಮೂಲೆ ಹಿಡಿಯಿತು. ಹೊಟ್ಟೆ ಉಬ್ಬಿ, ಊಟ ಬಿಟ್ಟು, ಏದುಸಿರು ಬಿಡುತ್ತಾ ನಿಂತಿತು. ಮರುದಿನ ಮೂರು. ಬೆಂಗಳೂರಿಗೆ ಫೋನ್ ಮಾಡಿ, ಅವರು ಹೇಳಿದ ಔಷಧಿ ತರಿಸಿ ಹಾಕಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹತ್ತು ದಿನದಲ್ಲಿ ಹನ್ನೊಂದು ಮೀನು ಸತ್ತವು. ಒಂದೊಂದನ್ನೂ ಹಿತ್ತಲ ಕರಿಬೇವಿನ ಗಿಡದ ಬುಡದಲ್ಲಿ ಹೂತೆ.

ಬದುಕಿದ್ದು ಗುಂಪಿನಲ್ಲೇ ಸಣ್ಣದು. ಉಳಿದವು ಅದನ್ನು ಅಟ್ಟಿಸಿ ಅಟ್ಟಿಸಿ ಊಟದ ಹತ್ತಿರವೇ ಸೇರಿಸುತ್ತಿರಲಿಲ್ಲ. ಹಾಗಾಗಿ ಪ್ಯೂಪಾ ಅದರ ಹೊಟ್ಟೆಗೆ ಹೋಗಿರಲಿಲ್ಲ.

ಆ ಭಾನುವಾರ ಮೇಷ್ಟ್ರು ಕೇಳಿದರು, "ಹನ್ನೆರಡೂ ಚೆನ್ನಾಗಿದಾವಾ?"

"ಚೆನ್ನಾಗಿದಾವೆ ಮೇಷ್ಟ್ರೇ."

ಯಾಕೆ ಹಾಗೆಂದೆನೋ. ಒಂದು ಸಲ ಎಂದ ಮೇಲೆ ಪ್ರತಿ ಭಾನುವಾರವೂ ಹಾಗೇ ಹೇಳಬೇಕಾಯಿತು. ಬೆಂಗಳೂರಿನವರಿಂದ ಬೇರೆ ಮರಿ ತರುವಂತಿರಲಿಲ್ಲ, ಅವರ ಬಳಿ ಆಗ ಮರಿಯೇ ಇರಲಿಲ್ಲ. ಅವರೇ ಹೇಳಿದರು, "ಒಂಟಿ ಇಡ್ಬೇಡಿ ಮೇಡಂ, ಅದಕ್ಕೆ ಹಿಂಸೆ ಆಗುತ್ತೆ. ತಂದು ನನ್ನ ಗುಂಪಿಗೆ ಬಿಡಿ." ಇಲ್ಲ ಎಂದೆ. ಪಟ್ಟಿ ಮೂಡುವ ತನಕ ಕೊಡುವುದಿಲ್ಲ ಎಂದೆ. ಮೇಷ್ಟ್ರ ಕಣ್ಣಿನಲ್ಲಿ ಒಂದು ಕಿಂಡಿಯಷ್ಟಾದರೂ ಬೆಳಕು ಇರುವಾಗ ಈ ಮೀನು ಅವರೆದುರು ಈಜಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಮೀನು ಫಿಲ್ಟರ್ ಕೊಳವೆಯ ಹಿಂದೆ ಸೇರಿಕೊಂಡುಬಿಟ್ಟಿತು. ಇಡೀ ದಿನ ಅಲ್ಲೇ. ಒಂದು ಸಂಜೆ ಪಕ್ಕದ ಗಾಜಿನಲ್ಲಿ ತನ್ನದೇ ನೆರಳು ಕಂಡು ಅದರ ಜೊತೆ ಮೇಲಕ್ಕೂ ಕೆಳಕ್ಕೂ ಈಜುವುದನ್ನು ನೋಡಿದೆ. ನನ್ನ ಗಂಡ ಗಡ್ಡ ಹೆರೆದುಕೊಳ್ಳುವ ಕನ್ನಡಿಯನ್ನು ತಂದು ಆ ಪಕ್ಕಕ್ಕೆ ಒರಗಿಸಿಟ್ಟೆ. ಮೀನು ಕೊಳವೆ ಬಿಟ್ಟು ಕನ್ನಡಿಯ ಹತ್ತಿರವೇ ಇರತೊಡಗಿತು, ಊಟವನ್ನೂ ಅಲ್ಲೇ ಮಾಡಿತು. ನನ್ನ ಗಂಡ ಬಹಳ ದಿನ ಅಂದಾಜಿನ ಮೇಲೆ ಗಡ್ಡ ಹೆರೆದುಕೊಂಡರು. ಕುಯ್ದುಕೊಂಡ ದಿನವೂ ಕನ್ನಡಿ ವಾಪಸ್ ಕೇಳಲಿಲ್ಲ.

ಚುಕ್ಕೆ ಮಾಸಿತು. ತಲೆ ನೀಲಿಗೆ ತಿರುಗಿತು. ನಡುವೆ ಮೊದಲು ಮಬ್ಬಾಗಿ, ಆಮೇಲೆ ಸ್ಪಷ್ಟವಾಗಿ ಪಟ್ಟಿ ಮೂಡಿತು. ಬೆಳಗಿನ ಬಿಸಿಲು ತೊಟ್ಟಿಗೆ ಬೀಳುವಾಗ ಆ ಹಳದಿ ನೋಡಿ ನಾನು ಒಬ್ಬಳೇ ನಿಂತು ಅತ್ತಿದ್ದೇನೆ. ಅದೇ ವಾರ ನನ್ನ ಗಂಡ ಕಾರಿನಲ್ಲಿ ಹೋಗಿ ಮೇಷ್ಟ್ರನ್ನು ಕರೆತಂದರು. ಅವರು ಬರುವ ಮೊದಲು ಕನ್ನಡಿಯನ್ನು ಬೀರುವಿನಲ್ಲಿಟ್ಟೆ. ಮೀನು ಆ ಖಾಲಿ ಪಕ್ಕಕ್ಕೆ ಹೋಗುವುದು, ಬರುವುದು, ಮತ್ತೆ ಹೋಗುವುದು ಮಾಡುತ್ತಿತ್ತು.

"ಏಮ್ಮಾ, ಎಲ್ಲಿ ಕೂತ್ಕೊಳ್ಲಿ?" ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ಅವರ ಕೈಹಿಡಿದು ತೊಟ್ಟಿಯೆದುರು ಕೂರಿಸಿದೆ. ನೇರ ನೋಡಿದರೆ ಮಸಿಯಷ್ಟೇ ಕಾಣುತ್ತದೆಂದು ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕೋಳಿ ಕಾಳು ನೋಡುವ ಹಾಗೆ ಓರೆಗಣ್ಣಿನಿಂದ ಹುಡುಕಿದರು.

"ಬೆಳಕು ಗೊತ್ತಾಗ್ತಿದೆ. ಏನೋ ಆಡ್ದಂಗಾಯ್ತು. ಹಳದಿ ಎಲ್ಲಮ್ಮ?"

ಅವರ ತೋರುಬೆರಳು ಹಿಡಿದು ಗಾಜಿನ ಮೇಲೆ ಇಟ್ಟೆ. ಮೀನು ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೆ ಬೆರಳನ್ನು ಕರೆದುಕೊಂಡು ಹೋದೆ. ಬೆನ್ನಿನಿಂದ ಹೊಟ್ಟೆಯವರೆಗೆ ಪಟ್ಟಿ ಎಳೆಸಿದೆ.

"ಯಾವ ಹಳದಿ? ನಿಂಬೆಹಣ್ಣಾ, ಅರಿಶಿನಾನಾ?"

"ಎರಡೂ ಅಲ್ಲ ಮೇಷ್ಟ್ರೇ. ನಮ್ಮೂರಲ್ಲಿ ಹಳದಿ ಗೂಡು ಬರುತ್ತಲ್ಲ, ರೇಷ್ಮೆದು? ಅದನ್ನ ಬೆಳಗಿನ ಬಿಸಿಲಿಗೆ ಹಿಡಿದ್ರೆ ಹೆಂಗಿರುತ್ತೋ ಹಂಗೆ."

"ಗೂಡಿನ ಹಳದಿ" ಎಂದರು. ಬೆರಳನ್ನು ಗಾಜಿನ ಮೇಲೇ ಇಟ್ಟುಕೊಂಡು ಮತ್ತೆ, "ಗೂಡಿನ ಹಳದಿ. ನಾನು ಕೇಸರಿ ಬೆರೆಸ್ತಿದ್ದೆ. ಬಿಳಿ ಬೆರೆಸ್ಬೇಕಿತ್ತು" ಎಂದು ತಮ್ಮಷ್ಟಕ್ಕೆ ನಕ್ಕರು. ನನಗೆ ಇಷ್ಟೂ ದಿನದ ಭಾರ ಇಳಿದ ಹಾಗಾಯಿತು.

"ಊಟ ಹಾಕು, ನೋಡಣ" ಎಂದರು.

ಸೊಪ್ಪಿನ ಪುಡಿ ಹಾಕಿದೆ. ಮೇಷ್ಟ್ರು ತಲೆ ಬಗ್ಗಿಸಿ ಕೂತರು.

"ಎಷ್ಟಿದಾವೆ ಅಂದೆ?"

"ಹನ್ನೆರಡು."

"ಇನ್ನೊಂದು ಚಿಟಿಕೆ ಹಾಕು."

ಹಾಕಿದೆ. ಫಿಲ್ಟರಿನ ಗುಳುಗುಳು ಬಿಟ್ಟರೆ ಮನೆಯಲ್ಲಿ ಸದ್ದಿರಲಿಲ್ಲ.

"ಈ ಜಾತಿ ಮೀನು ಹನ್ನೆರಡಿದ್ರೆ ಊಟ ಹಾಕ್ದಾಗ ನೀರು ಆಚೆಗೆ ಎರಚ್ತವೆ ಕಣಮ್ಮ. ಅವತ್ತು ಅಷ್ಟು ಸಣ್ಣವಿದ್ದಾಗ್ಲೇ ನನ್ನ ಕನ್ನಡಕಕ್ಕೆ ಹಾರಿಸಿದ್ವು. ಇಲ್ಲಿ ಇರೋದು ಒಂದೇ ಅಲ್ವಾ?"

 ಪ್ಯೂಪಾದಿಂದ ಕರಿಬೇವಿನ ಬುಡದವರೆಗೆ ಎಲ್ಲವನ್ನೂ ಹೇಳಿದೆ. 

"ಯಾವಾಗಿಂದ ಒಂಟಿ ಇದೆ ಇದು?"

"ಏಳು ತಿಂಗಳಾಯ್ತು."

"ಆ ಬೆಂಗಳೂರಿನೋರು ವಾಪಸ್ ಕೊಡಿ ಅನ್ಲಿಲ್ವಾ?"

"ಅಂದ್ರು. ನಾನೇ ಕೊಡ್ಲಿಲ್ಲ. ನಿಮಗೆ ತೋರಿಸ್ಬೇಕಿತ್ತು ಮೇಷ್ಟ್ರೇ."

ಅವರು ಅಂಗೈಯನ್ನು ಗಾಜಿನ ಮೇಲೆ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ಸತ್ತಿದ್ದು ಸತ್ವು. ಆತುರಕ್ಕೆ ಮಾಡ್ದೆ, ಹೋಗ್ಲಿ. ಇದನ್ನ ಮಾತ್ರ ಗೊತ್ತಿದ್ದೂ ಒಂಟಿ ಇಟ್ಟೆಯಲ್ಲಮ್ಮ. ಅದೂ ನನ್ನ ಹೆಸರಲ್ಲಿ. ಕೊಟ್ಬಿಡು. ನಾನು ನೋಡಾಯ್ತು."

ನೋಡಿರಲಿಲ್ಲ ಅವರು. ಇಬ್ಬರಿಗೂ ಗೊತ್ತಿತ್ತು.

ಮುಂದಿನ ಭಾನುವಾರ ಮೀನನ್ನು ಬೆಂಗಳೂರಿಗೆ ಒಯ್ದೆ. ಬೆಳೆದ ಗುಂಪಿಗೆ ಹೊಸದನ್ನು ಹಾಗೇ ಬಿಟ್ಟರೆ ಕಚ್ಚಿ ಕೊಲ್ಲುತ್ತವಂತೆ. ಅದಕ್ಕೆ ಅವರು ಮೊದಲು ತೊಟ್ಟಿಯ ಕಲ್ಲುಗಳನ್ನೆಲ್ಲ ತೆಗೆದು ಬೇರೆ ರೀತಿ ಜೋಡಿಸಿದರು. ಎಲ್ಲ ಮೀನಿಗೂ ಮನೆ ಹೊಸದಾದರೆ ಯಾರು ಹಳಬರು ಎಂಬ ಜಗಳವಿರುವುದಿಲ್ಲ ಎಂದರು. ನನ್ನ ಮೀನು ಕವರಿನ ಬಾಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಕಲ್ಲಿನ ಮೇಲೆ ಹಾಯ್ದು ಹೋಯಿತು. ಒಂದೆರಡು ಅಟ್ಟಿಸಿಕೊಂಡು ಬಂದವು, ಇದೂ ತಿರುಗಿ ಅಟ್ಟಿಸಿತು. ಅಷ್ಟರಲ್ಲಿ ನಾನು ಕಣ್ಣು ಒರೆಸಿಕೊಂಡೆ. ಮತ್ತೆ ನೋಡುವಾಗ ಎಲ್ಲವೂ ನೀಲಿ ತಲೆ, ಎಲ್ಲಕ್ಕೂ ಹಳದಿ ಪಟ್ಟಿ. ಬಾಯಿ ನೋಡಿದೆ, ಪಟ್ಟಿಯ ಅಗಲ ನೋಡಿದೆ, ಗಾಜಿನ ಸುತ್ತ ಎರಡು ಸಲ ಬಂದೆ. ಯಾವುದು ನನ್ನದೆಂದು ಗುರುತು ಸಿಗಲಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿದೆ.

"ಬಿಟ್ಟೆ ಮೇಷ್ಟ್ರೇ. ಯಾವ್ದು ನಮ್ದು ಅಂತಾನೇ ಗೊತ್ತಾಗ್ತಿಲ್ಲ."

"ಹಂಗಾದ್ರೆ ಸೇರ್ಕೊಂತು ಬಿಡು" ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಊಟ ಹಾಕಕ್ಕೆ ಹೇಳ್ತೀಯಾ? ಫೋನು ಒಂಚೂರು ಅಲ್ಲಿ ಹಿಡಿ" ಎಂದರು.

ಬೆಂಗಳೂರಿನವರು ಪುಡಿ ಹಾಕಿದರು. ನೀರು ಒಮ್ಮೆಲೇ ಕುದಿದಂತಾಗಿ ನನ್ನ ಮುಂಗೈ, ಸೆರಗು ಎಲ್ಲ ನೆನೆಯಿತು. ಫೋನನ್ನು ತೊಟ್ಟಿಯ ಅಂಚಿನ ಮೇಲೆ ಹಿಡಿದು ನಿಂತೆ. ಆ ಕಡೆ ಮೇಷ್ಟ್ರು ಸಾಕು ಎನ್ನಲಿಲ್ಲ. ಕೈ ಸೋತು ಬಂತು. ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹಿಡಿದೇ ಇದ್ದೆ.